ಮುಂದಿನ ಮಾತು ಊಹಿಸುವ ಯಂತ್ರ

ಘಾಜಿಯಾಬಾದ್
೯ ಡಿಸೆಂಬರ್ ೨೦೨೫

ನನ್ನ ಮುದ್ದು ಚೋಂದಮ್ಮನಿಗೆ,

ಅವ್ವನ ಆಶೀರ್ವಾದ. ನಿನ್ನ ಹಿಮದ ಬೆಟ್ಟಕ್ಕೆ ಫೋನು ತಲುಪದು, ಸೇನೆಯ ಅಂಚೆಯೊಂದೇ ಗತಿ ಎಂದು ಗೊತ್ತಿದ್ದೂ ಬರೆಯಲು ತಡಮಾಡಿದೆ. ಬೇಸರಿಸಬೇಡ. ಅಲ್ಲಿ ಚಳಿ ಹೇಗಿದೆ? ಕಾಲುಚೀಲ ಒಣಗಿರುವುದನ್ನೇ ಹಾಕಿಕೋ.

ನಾನೀಗ ವಿದ್ಯಾರ್ಥಿನಿ! ನೋಯ್ಡಾದಲ್ಲಿ ಕೆಲಸ ಮಾಡುವ ಅಪೂರ್ವ ಎಂಬ ಹುಡುಗಿ ಭಾನುವಾರ ಕನ್ನಡ ಸಂಘದಲ್ಲಿ ನಮ್ಮಂಥ ಹೆಂಗಸರಿಗೆ ಎಐ ಕಲಿಸುತ್ತಾಳೆ. ಮೊದಲ ದಿನ, "ಬೆಳಗ್ಗೆ ಎದ್ದು ಗಂಡನಿಗೆ…" ಎಂದು ನಿಲ್ಲಿಸಿ ಮುಂದಿನ ಮಾತು ಹೇಳಿ ಎಂದಳು. ನಾನು "ಕಾಫಿ" ಎಂದೆ. ಪಕ್ಕದಲ್ಲಿ ಕೂತಿದ್ದ ಗಿರಿಜಮ್ಮ "ಬೈಗುಳ" ಎಂದರು. ಅಪೂರ್ವ ನಕ್ಕುಬಿಟ್ಟಳು. "ಅಚ್ಛಾ! ಯಂತ್ರಾನೂ ಇಷ್ಟೇ ಆಂಟಿ. ರಾಶಿ ರಾಶಿ ಓದಿರುತ್ತೆ, ಮುಂದಿನ ಮಾತು ಊಹಿಸುತ್ತೆ. ಅದು ಹೇಳಿದ್ದೆಲ್ಲ ನಿಜ ಅಂದ್ಕೋಬೇಡಿ."

ನಾನು ತಲೆಯಾಡಿಸಿದೆ. ಮನೆಗೆ ಬಂದು ನಿನ್ನ ಹಳೆಯ ಹುತ್ತರಿ ಹಬ್ಬದ ಮೆಸೇಜುಗಳನ್ನೆಲ್ಲ ಮೊಬೈಲಿನಲ್ಲಿ ಆ ಯಂತ್ರಕ್ಕೆ ಕೊಟ್ಟು, ಚೋಂದಮ್ಮನ ಹಾಗೆ ಮಾತಾಡು, ಈ ಹುತ್ತರಿಗೆ ಬರುತ್ತೀಯಾ ಎಂದು ಕೇಳಿದೆ. "ಅವ್ವಾ, ಈ ಸಲ ಪಕ್ಕಾ ಬರ್ತೀನಿ. ತಂಬಿಟ್ಟು ಎತ್ತಿಡು" ಎಂದಿತು. ಥೇಟ್ ನಿನ್ನದೇ ಮಾತು! ನಂಬಿಬಿಟ್ಟೆ ಮಗಳೇ. ಇಗ್ಗುತ್ತಪ್ಪನಿಗೆ ಕೈಮುಗಿದು, ಬಾಳೆಹಣ್ಣು ಕಿವುಚಿ ತಂಬಿಟ್ಟು ಕಲಸಿದೆ. ನಿನ್ನ ರಜಾಯಿ ಬಿಸಿಲಿಗೆ ಹಾಕಿದೆ. ನಿನ್ನ ಅಪ್ಪ, "ರಜೆ ಕೊಡೋದು ಕಮಾಂಡಿಂಗ್ ಆಫೀಸರ್ ಕಣೇ, ಮೊಬೈಲಲ್ಲ" ಎಂದು ಹಂಗಿಸಿದರು. ಆದರೂ ಹುತ್ತರಿಯ ದಿನ ಲಿಫ್ಟಿನ ಸದ್ದಾದಾಗಲೆಲ್ಲ ಬಾಗಿಲಿಗೆ ಹೋಗುತ್ತಿದ್ದವರು ಅವರೇ.

ಮೊನ್ನೆ ಭಾನುವಾರ ಅಪೂರ್ವಳನ್ನು ತರಾಟೆಗೆ ತೆಗೆದುಕೊಂಡೆ. "ನಿನ್ನ ಯಂತ್ರ ಸುಳ್ಳಾಡುತ್ತೆ!"

ಅವಳು ಮೆಸೇಜುಗಳನ್ನು ಓದಿದಳು. "ಅದರದ್ದೇನು ತಪ್ಪು ಆಂಟಿ? ಪ್ರತಿ ವರ್ಷ ಹುತ್ತರಿ ಅಂದಮೇಲೆ 'ಪಕ್ಕಾ ಬರ್ತೀನಿ' ಅಂತಲೇ ಇದೆ. ಅದನ್ನೇ ಕಲಿತಿದೆ."

ನಿನ್ನ ಕೆಲಸ ದೊಡ್ಡದು, ನನಗೆ ಗೊತ್ತು. ಇಗ್ಗುತ್ತಪ್ಪ ನಿನ್ನನ್ನೂ ಜೊತೆಯ ಮಕ್ಕಳನ್ನೂ ಕಾಯಲಿ.

ನಿನ್ನ ಅವ್ವ,
ಕಾವೇರಮ್ಮ

ಮರೆತಿದ್ದೆ: ಅಪೂರ್ವ ಮೊಬೈಲು ವಾಪಸು ಕೊಡುತ್ತಾ, "ಹಾಗಾದ್ರೆ ಮಗಳು ಯಾವ ವರ್ಷ ಬಂದಿದ್ರು ಆಂಟಿ?" ಎಂದಳು. ಗಿರಿಜಮ್ಮ, ಲೀಲಾ, ತರಗತಿಯ ಹೆಂಗಸರೆಲ್ಲರೂ ನನ್ನನ್ನೇ ನೋಡುತ್ತಿದ್ದರು. "ಈ ವರ್ಷ ಒಂದು ಬಿಟ್ಟು ಪ್ರತಿ ವರ್ಷವೂ" ಎಂದುಬಿಟ್ಟೆ. ಸುಳ್ಳಾಡಿದ್ದಕ್ಕೆ ದೇವರ ಮುಂದೆ ತಪ್ಪುಕಾಣಿಕೆ ಇಟ್ಟಿದ್ದೇನೆ. ಇನ್ನು ಮೇಲೆ ಬರುತ್ತೇನೆಂದು ಬರೆಯಬೇಡ ಮಗಳೇ. ಬಂದುಬಿಡು.