ಗುಲಾಬಿಯ ಮೂಲ ದೇಶ

ಮಾರ್ಚ್ ಹನ್ನೊಂದು. ಇವತ್ತೂ ಅದೇ ರಗಳೆ. ಹೋದ ವಾರ ಸರ್ಕಾರಿ ಅಂಕಿಅಂಶ ಕಚೇರಿಗೆ ಕಳಿಸೋ ರಫ್ತಿನ ತಿಂಗಳ ಲೆಕ್ಕದಲ್ಲಿ ಗುಲಾಬಿಯ ಮೂಲ ದೇಶ ಕೀನ್ಯಾ ಅಂತ ತುಂಬಿಸಿದ್ದಕ್ಕೆ ನಮ್ಮ ಯಜಮಾನಿ ಮಾರಿಟ್ ಸಿಡಿದುಬಿದ್ರು.

"ಕಿಪ್ರೋನೋ, ಇಲ್ಲಿನ ಆಲ್ಸ್‌ಮೇರ್ ಹೂವಿನ ಹರಾಜಲ್ಲಿ ಒಂದು ರಾತ್ರಿ ಕಳೆದ್ರೆ ಹೂವು ನಮ್ದೇ ಕಣೋ! ಯಾವಾಗ್ಲೂ ನೆದರ್ಲೆಂಡ್ಸ್ ಅಂತಾನೇ ಕಳಿಸ್ತೀವಿ."

"ನಾನು ಕೀನ್ಯಾದಿಂದ ಇಲ್ಲಿಗೆ ಬಂದು ಆರು ವರ್ಷ ಆಯ್ತಲ್ಲ, ನಾನೂ ಡಚ್ಚನಾ ಹಾಗಾದ್ರೆ?" ಅಂದೆ.

"ನಿನ್ನ ವೀಸಾ ಈ ಕೆಲಸದ ಮೇಲೆ ನಿಂತಿದೆ, ನೆನಪಿರಲಿ," ಅಂದ್ರು, ನಗ್ತಾನೇ.

ಆ ಹೂವನ್ನ ಕೀನ್ಯಾದ ನೈವಾಶಾದಲ್ಲಿ, ಹೂತೋಟದಲ್ಲಿ ಕತ್ತರಿಸೋಳು ನನ್ನಕ್ಕ. ಕೈತುಂಬ ಮುಳ್ಳಿನ ಗೀರು. ಕೀನ್ಯಾ ಅಳಿಸೋಕೆ ಬೆರಳೇ ಏಳಲಿಲ್ಲ, ಹಾಗೇ ಕಳಿಸಿಬಿಟ್ಟೆ.

ಈಗ ಅಂಕಿಅಂಶ ಕಚೇರಿಯವರು ಕೇಳ್ತಿದಾರೆ, ಇದ್ದಕ್ಕಿದ್ದಂತೆ ದೇಶ ಯಾಕೆ ಬದಲಾಯ್ತು ಅಂತ. "ಟೈಪಿಂಗ್ ತಪ್ಪು ಅಂದ್ಬಿಡು" ಅಂತಾರೆ ಮಾರಿಟ್. ತಪ್ಪಂತೆ! ಇಲ್ಲ ಅಂದ್ರೆ ವೀಸಾ... ಕಚೇರಿಯವರು ಮತ್ತೆ ಫೋನ್ ಮಾಡೋದು ನನಗೇ, ನಾಳೆ ಬೆಳಗ್ಗೆ ಒಂಬತ್ತೂವರೆಗೆ.