ಅಂಗಳದಲ್ಲಿ ಕಟ್ಟಿದ ಸಿ.ಡಿ.

ತಿರ್ಲಾಪುರ
ಮಾರ್ಚ್ ೩, ೨೦೨೪

ಪ್ರೀತಿಯ ಅರ್ಫಾ,

ಬೈಯಬೇಡ ಮಾರಾಯ್ತಿ. ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಜೋಳದ ಸುಗ್ಗಿಯಲ್ಲಿ ಉತ್ತರ ಬರೆಯುತ್ತಿದ್ದೇನೆ. ನನ್ನ ಫೋನು ನೀರಿನ ಟಾಕಿಗೆ ಬಿದ್ದು ಸತ್ತಮೇಲೆ ಇನ್ನೊಂದು ಬರಲಿಲ್ಲ. "ಮನ್ಯಾಗ ನಂದೊಂದು ಐತೆಲ್ಲ, ಎರಡು ಯಾಕ?" ಅನ್ನುತ್ತಾರೆ ನನ್ನ ಯಜಮಾನರು ಹೇಮಂತ. ಆ ಒಂದು ಯಾವಾಗಲೂ ಹೊಲದಲ್ಲಿ ಅವರ ಜೇಬಿನಲ್ಲೇ ಇರುತ್ತದೆ. ಯಮನೂರಿನ ನಿನ್ನ ಚಿಕ್ಕಮ್ಮ ಜುಲೇಖಾಬಿ ಖಾಲಾ ಬಳೆ ಮಾರಲು ಬಂದಾಗ ನಮ್ಮ ಕಾಗದ ಒಯ್ದು ತರುತ್ತಾರೆಂದು ನಾನು ಬಚಾವು. ಇಲ್ಲದಿದ್ದರೆ ಕುಂದಗೋಳದಲ್ಲಿ ನೀನೊಬ್ಬಳು ಗೆಳತಿ ಇರುವುದೇ ನನಗೆ ಮರೆತುಹೋಗುತ್ತಿತ್ತು.

ಈಗ ಸುದ್ದಿ ಕೇಳು. ಮದುವೆಯಲ್ಲಿ ಮಂಚ, ಕಪಾಟಿನ ಜೊತೆ ಟ್ರ್ಯಾಕ್ಟರಿನಲ್ಲಿ ಬಂದ ನನ್ನ ಕಂಪ್ಯೂಟರ್ ನೆನಪಿದೆಯಲ್ಲ? ಡಿಪ್ಲೊಮಾ ಕಲಿಯುವಾಗ ಅಪ್ಪ ಕೊಡಿಸಿದ್ದು. ಇಷ್ಟು ವರ್ಷ ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಅತ್ತೆಯ ಶಾವಿಗೆ ಡಬ್ಬಿ. ಹೋದ ವಾರ ಹೇಮಂತ ಪಡಸಾಲೆಯ ಗೋಡೆಗೆ ವೈ-ಫೈ ಡಬ್ಬಿ ಕೂಡಿಸಿದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಒಳಗೆ ಬಂದು ಪುಟ್ಟ ಡಬ್ಬಿಯೊಂದನ್ನು ನನ್ನ ಬಾಜು ಇಟ್ಟರು. "ಇದು ವೈ-ಫೈ ಹಿಡಿಯೋ ಅಡಾಪ್ಟರ್ ಅಂತ. ನಿನ್ನ ಕಂಪ್ಯೂಟರಿಗೆ ಹಚ್ಚಿ ಚಾಲೂ ಮಾಡು. ಕಲ್ತಾಕಿ ಅದಿ, ನೋಡೂಣು" ಎಂದರು.

ಅರ್ಫಾ, ಕಲ್ತಾಕಿ! ಈ ಮನೆಯಲ್ಲಿ ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ! ತವೆಯ ಮೇಲಿನ ರೊಟ್ಟಿ ಹೊತ್ತಿದ್ದು ಗೊತ್ತೇ ಆಗಲಿಲ್ಲ. ಇವರು ಒಂದು ಗಟ್ಟಿ ಮಾತು ಆಡಿದವರಲ್ಲ, ಆದರೆ ಏನಾದರೂ ಕೇಳಿದರೆ ನಕ್ಕು ಸುಮ್ಮನಾಗುವವರು. ಹುಬ್ಬಳ್ಳಿಯ ಸಂಸ್ಥೆಯವರು ಮನೆಯಿಂದಲೇ ಕಂಪ್ಯೂಟರ್ ಪಾಠ ಹೇಳುವವರನ್ನು ಹುಡುಕುತ್ತಿದ್ದಾರೆ, ನಿನ್ನ ಹೆಸರು ಕೊಟ್ಟಿದ್ದೇನೆ ಎಂದು ನೀನು ಬರೆದಿದ್ದೆಯಲ್ಲ, ಅದನ್ನು ಇವರಿಗೆ ಓದಿ ಹೇಳಿದಾಗಲೂ ನಕ್ಕು ಸುಮ್ಮನಾಗಿದ್ದರು. ಬಾಯಿಂದ ಹೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅಂತಾಯಿತು.

ಆದರೆ ಅಡಾಪ್ಟರ್ ಚುಚ್ಚಿದರೆ ಕಂಪ್ಯೂಟರಿಗೆ ಅದರ ಗುರುತೇ ಹತ್ತಲಿಲ್ಲ. ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಇಲ್ಲ ಎಂದು ಹಳದಿ ಗುರುತು ತೋರಿಸಿ ಕುಳಿತಿತು. ಡ್ರೈವರ್ ನೆಟ್ಟಿನಲ್ಲಿದೆ, ನೆಟ್ಟು ಬರಬೇಕಾದರೆ ಡ್ರೈವರ್ ಬೇಕು. ಮನೆಯೊಳಗೆ ಕೀಲಿಕೈ ಇಟ್ಟು ಹೊರಗಿನಿಂದ ಕೀಲಿ ಹಾಕಿದಂತಾಯಿತು. ಡ್ರೈವರಿನ ಸಿ.ಡಿ. ಇರಬೇಕಲ್ಲ ಎಂದು ಅಡಾಪ್ಟರಿನ ಡಬ್ಬಿ ನೋಡಿದರೆ ಖಾಲಿ. ಮನೆಯೆಲ್ಲ ಹುಡುಕಿ ಅಂಗಳಕ್ಕೆ ಬಂದರೆ, ಒಣಹಾಕಿದ ಜೋಳದ ಮೇಲೆ ದಾರದಲ್ಲಿ ಜೋತುಬಿದ್ದು ಗರಗರ ತಿರುಗುತ್ತಿದೆ!

"ಅತ್ತಿ, ಇದನ್ಯಾರು ಕಟ್ಟಿದ್ರಿ?"

"ನಾನವಾ. ಎಷ್ಟು ಹೊಳಿತೈತಿ ನೋಡು! ಗುಬ್ಬಿ ಒಂದೂ ಹತ್ರ ಬರವಲ್ಲವು" ಎಂದರು ರೇವವ್ವ ಅತ್ತೆ. ಇಲ್ಲಿ ಎಲ್ಲರೂ ಹಳೆಯ ಸಿ.ಡಿ. ಹಾಗೆ ಕಟ್ಟುತ್ತಾರೆ, ಅವರದೇನು ತಪ್ಪು? ಬಿಚ್ಚಿ ಒರೆಸಿ ಹಾಕಿದರೆ ಕಂಪ್ಯೂಟರ್ ಗೊರಗೊರ ಎಂದು ಹೊರಗೆ ಉಗುಳಿತು. ಧೂಳು, ಗೀರು ಎಲ್ಲ ಆಗಿಹೋಗಿತ್ತು. ತಿರುಗಿ ಕಟ್ಟಿಬಂದೆ, ಅತ್ತೆಗಾದರೂ ಉಪಯೋಗವಾಗಲಿ. ಹೇಮಂತರಿಗೆ ನಿಮ್ಮ ಫೋನಿನಲ್ಲಿ ಇಳಿಸಿಕೊಡಿ ಎಂದರೆ, "ಜ್ವಾಳ ತಗೊಳ್ಳೋ ಅಡತಿ ಅಂಗಡಿ ಫೋನ್ ಬರ್ತಿರತಾವ, ನಿನ್ನ ಕೈಯಾಗ ಕೊಡಾಕ ಬರಂಗಿಲ್ಲ" ಎಂದರು.

ಅದಕ್ಕೇ ನಿನಗೆ ಕೈಮುಗಿಯುತ್ತೇನೆ. ಅಡಾಪ್ಟರಿನ ಮಾಡೆಲ್ ನಂಬರನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ. ನಿನ್ನ ಆನ್‌ಲೈನ್ ಸೆಂಟರಿನಲ್ಲಿ ಡ್ರೈವರ್ ಇಳಿಸಿ ಪೆನ್‌ಡ್ರೈವಿನಲ್ಲಿ ಹಾಕಿ ಖಾಲಾ ಕೈಗೆ ಕೊಡು. ನನ್ನದು ವಿಂಡೋಸ್ ಸೆವೆನ್. ಮೂವತ್ತೆರಡು ಬಿಟ್ಟೋ ಅರವತ್ನಾಲ್ಕೋ ಎಂದು ನೋಡುವಷ್ಟರಲ್ಲಿ ಕರೆಂಟು ಹೋಯಿತು, ಎರಡನ್ನೂ ಹಾಕು. ಸಂದರ್ಶನ ಮಾತಿನಲ್ಲೇ ಮುಗಿಯುತ್ತದೆ, ಮುಖ ತೋರಿಸಬೇಕಿಲ್ಲ ಎಂದಿದ್ದೆಯಲ್ಲ, ಡಿಪ್ಲೊಮಾ ಕಾಲದ ಹೆಡ್‌ಫೋನು ಇನ್ನೂ ಇದೆ. ಬರುತ್ತೇನೆಂದು ಅವರಿಗೆ ಹೇಳಿಬಿಡು.

ನಿನ್ನ
ರೋಹಿಣಿ


ತಿರ್ಲಾಪುರ
ಮಾರ್ಚ್ ೨೪, ೨೦೨೪

ಪ್ರೀತಿಯ ಅರ್ಫಾ,

ನಿನ್ನ ಪೆನ್‌ಡ್ರೈವ್ ಹಸಿರು ಬಳೆಗಳ ಸುತ್ತಿನೊಳಗೆ ಬಂತು. ಬಂದ ಕೂಡಲೇ ಬರೆಯಬೇಕಿತ್ತು, ಬರೆಯುವ ಮನಸ್ಸಾಗಲಿಲ್ಲ, ಸಿಟ್ಟಾಗಬೇಡ.

ಡ್ರೈವರ್ ಕೂತಿತು ಕಣೇ. ಮೊದಲು ಅರವತ್ನಾಲ್ಕರದ್ದು ಹಾಕಿದೆ, ಒಲ್ಲೆನೆಂದಿತು. ಮೂವತ್ತೆರಡರ ಫೋಲ್ಡರನ್ನು ನಾನೇ ಕೈಹಿಡಿದು ತೋರಿಸಿದೆ. ಇದು ಯಾರು ಮಾಡಿದ್ದೋ ಏನೋ ಎಂದು ಕಂಪ್ಯೂಟರ್ ಕೆಂಪಗೆ ಹೆದರಿಸಿತು, ಇರಲಿ ಹಾಕು ಎಂದೆ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ಅಡಾಪ್ಟರಿನಲ್ಲಿ ಹಸಿರು ದೀಪ ಮಿಣುಕಿತು. ನಾನು ಕೂಗಿದ್ದಕ್ಕೆ ಅತ್ತೆ ಓಡಿ ಬಂದು, ಏನೆಂದು ತಿಳಿಯದಿದ್ದರೂ ದೀಪಕ್ಕೆ ಕೈಮುಗಿದರು. ಸಂಜೆ ಹೇಮಂತ ಬಂದು, ನನಗೆ ಬಾಜು ಸರಿ ಎಂದು, ಪಾಸ್‌ವರ್ಡನ್ನು ತಾವೇ ಒತ್ತಿದರು. ಆಗಲೂ ನನಗೇನೂ ಅನ್ನಿಸಲಿಲ್ಲ ನೋಡು, ಅಷ್ಟು ಖುಷಿ.

ಮರುದಿನ ನವಲಗುಂದದಿಂದ ಒಬ್ಬ ಬಂದ. ಏಣಿ ಹಾಕಿ ಕ್ಯಾಮೆರಾ ಕೂಡಿಸಿದ. ತಲಬಾಗಿಲಿಗೊಂದು, ದನದ ಕೊಟ್ಟಿಗೆಗೊಂದು, ಅಂಗಳಕ್ಕೊಂದು. ನಾಲ್ಕನೆಯದು ನಾನು ಕೂರುವ ಕೋಣೆಗೆ. ಆಮೇಲೆ ನನ್ನ ಕಂಪ್ಯೂಟರ್ ಮುಂದೆ ಕುಳಿತು ಏನೋ ಒತ್ತಿದ. ಪರದೆಯ ಮೇಲೆ ನಾಲ್ಕು ಚೌಕ ಮೂಡಿದವು. ಒಂದರಲ್ಲಿ ಬೆನ್ನು ತೋರಿಸಿ ನಿಂತ ಹೆಂಗಸು ಯಾರೆಂದು ನೋಡಿದರೆ ನಾನೇ!

"ಹೊಲದಾಗ ಪಂಪಿನ ಮೋಟರ್ ಕಳುವಾಗಾಕತ್ತಾವು, ನಾಳೆ ದನಾನೂ ಹೊಡಕೊಂಡು ಹೋಗ್ತಾರ" ಎಂದರು ಹೇಮಂತ. "ನೀ ಕುಂತಲ್ಲೇ ಎಲ್ಲಾ ಕಡೆ ನೋಡಬಹುದು. ಇನ್ನ ತಲಬಾಗಲಕ್ಕೂ ಹೋಗೋ ಪ್ರಸಂಗ ಇಲ್ಲ."

"ಕೋಣಿಯಾಗ ಯಾಕ್ರಿ? ಇಲ್ಲಿ ಯಾವ ದನ ಅದಾವು?"

"ಕಂಪ್ಯೂಟರ್ ಐತೆಲ್ಲ! ಅದನ್ನ ಒಯ್ದ್ರ?" ಎಂದು ನಕ್ಕರು. ನಗುವವರೊಂದಿಗೆ ಹೇಗೆ ಜಗಳಾಡಬೇಕೋ ನನಗೆ ಈ ತನಕ ತಿಳಿದಿಲ್ಲ.

ಸಂದರ್ಶನದ ಮಾತು ತೆಗೆದೆ. "ಮಾಡು, ನಾ ಬ್ಯಾಡಂದ್ನೇನು? ಆದ್ರ ಕ್ಯಾಮೆರಾ ಮಾತ್ರ ಬಂದ್ ಮಾಡಬ್ಯಾಡ, ಅವ್ವ ನೋಡ್ತಿರತಾಳ" ಎಂದರು. ಈ ಮುದಿ ಕಂಪ್ಯೂಟರಿಗೆ ಎರಡೂ ಕೆಲಸ ಒಟ್ಟಿಗೆ ಆಗುವುದಿಲ್ಲ ಎಂದು ಹೇಳಿದೆ. ಕಲ್ತಾಕಿ ನೀನೇ ಏನಾದರೂ ಮಾಡು ಎಂದುಬಿಟ್ಟರು.

ನೀನು ತಿಳಿಸಿದ ಸಂದರ್ಶನದ ದಿನ ಸ್ನಾನ ಮಾಡಿ, ಹಸಿರು ಬಳೆ ಹಾಕಿಕೊಂಡು ಕುಳಿತೆ. ಮುಖ ತೋರಿಸುವ ಹಾಗಿಲ್ಲದಿದ್ದರೂ ಹೊಸ ಸೀರೆ ಉಟ್ಟಿದ್ದೆ. ಆ ಕಡೆ ಸಂಸ್ಥೆಯ ಮೇಡಂ ದನಿ ಒಳ್ಳೆಯದಿತ್ತು. ನನ್ನ ಹೆಸರು ಕೇಳಿದರು, ಹೇಳಿದೆ. ಏನು ಕಲಿತಿದ್ದೀರಿ ಎಂದರು. ಬಾಯಿ ತೆರೆಯುವಷ್ಟರಲ್ಲಿ ಕಂಪ್ಯೂಟರ್ ಗಪ್ಪಾಯಿತು. ನಾಲ್ಕು ಚೌಕವೂ ನಿಂತವು, ಬಾಲ ಎತ್ತಿದ ಎಮ್ಮೆ ಎತ್ತಿದ ಹಾಗೆಯೇ ನಿಂತಿತು. "ಹಲೋ, ರೋಹಿಣಿ?" ಎಂಬುದು ಮಾತ್ರ ಕೇಳುತ್ತಿತ್ತು. ಹೌದ್ರಿ ಹೌದ್ರಿ ಎಂದು ಕೂಗಿದೆ, ಅವರಿಗೆ ಕೇಳಲಿಲ್ಲ. ಆಮೇಲೆ ಅದೂ ನಿಂತಿತು. ಬಾಗಿಲಲ್ಲಿ ಕುಳಿತು ಪರದೆ ನೋಡುತ್ತಿದ್ದ ಅತ್ತೆ, "ಯವ್ವಾ, ಎಮ್ಮಿ ಅಳ್ಳಾಡವಲ್ದು, ಏನಾತು ನೋಡವಾ!" ಎಂದು ಗಾಬರಿಯಾಗಿ ಕೊಟ್ಟಿಗೆಗೆ ಓಡಿದರು. ನಾನು ಹೆಡ್‌ಫೋನು ತೆಗೆಯದೆ ಹಾಗೇ ಕುಳಿತಿದ್ದೆ. ಬಹಳ ಅಳು ಬಂತು ಅರ್ಫಾ, ಆದರೆ ಹಿಂದೆ ಕ್ಯಾಮೆರಾ ಇತ್ತು.

ನಿನ್ನನ್ನು ಸಂಸ್ಥೆಯವರು ಕೇಳಿದರೆ ನೆಟ್ಟು ಸರಿ ಇರಲಿಲ್ಲವೆಂದು ಹೇಳು. ಡ್ರೈವರ್ ಕಿತ್ತು ಒಗೆಯಬಾರದೇ ಎಂದು ನೀನು ಕೇಳುತ್ತೀ, ಗೊತ್ತು. ಕೀಳಲು ನನಗೆ ಬರುತ್ತದೆ. ಕಿತ್ತರೂ ಹೇಮಂತರಿಗೆ ಹೊಲದಲ್ಲೇ ಫೋನಿನಲ್ಲಿ ನಾಲ್ಕೂ ಕ್ಯಾಮೆರಾ ಕಾಣುತ್ತವೆ. ಕಾಣದೆ ಹೋಗುವುದು ನನಗಷ್ಟೇ.

ಈ ಕಾಗದ ಬಚ್ಚಲಲ್ಲಿ ಕುಳಿತು ಬರೆಯುತ್ತಿದ್ದೇನೆ. ಖಾಲಾಗೆ ಕೊಡುವ ಜೋಳದ ಚೀಲದೊಳಗೆ ಇಡುತ್ತೇನೆ. ನಿನ್ನ ಅಮ್ಮಿಗೆ ನನ್ನ ಸಲಾಮು ಹೇಳು. ನಿನ್ನ ಸೆಂಟರ್ ಚೆನ್ನಾಗಿ ನಡೆಯಲಿ, ಬಾಗಿಲು ಯಾವಾಗಲೂ ತೆರೆದಿರಲಿ.

ನಿನ್ನ
ರೋಹಿಣಿ

ತಾ.ಕ.: ಬೇಡವೆಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಮೊನ್ನೆ ಮಧ್ಯಾಹ್ನ ಅರಿವೆ ಒಣಹಾಕುವಾಗ ಒಂದು ಗುಬ್ಬಿ ಬಂದು ಅತ್ತೆಯ ಸಿ.ಡಿ. ಮೇಲೆಯೇ ಕುಳಿತು, ಅದರೊಂದಿಗೆ ಗರಗರ ತಿರುಗಿತು. ಇಳಿಯಲೂ ಇಲ್ಲ, ಹೆದರಲೂ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ. ಅಂಗಳದಲ್ಲಿ ಯಾರೂ ಇರಲಿಲ್ಲ. ರಾತ್ರಿ ಹೊಲದಿಂದ ಬಂದು ಊಟಕ್ಕೆ ಕುಳಿತಾಗ ಹೇಮಂತ ರೊಟ್ಟಿ ಮುರಿಯುತ್ತ, ಪ್ರೀತಿಯಿಂದಲೇ ಕೇಳಿದರು: "ಮಧ್ಯಾಹ್ನ ಒಬ್ಬಾಕಿನ ನಗಾಕತ್ತಿದ್ದೆಲ್ಲ, ಯಾಕ?" ಏನಿಲ್ಲರಿ ಎಂದೆ. ಗುಬ್ಬಿಯ ವಿಷಯ ಹೇಳಲು ಮನಸ್ಸಾಗಲಿಲ್ಲ. ಇವತ್ತೂ ಅದು ಬಂದು ಕುಳಿತಿತ್ತು. ನಾನು ತಲೆ ಎತ್ತದೆ ಅರಿವೆ ಒಣಹಾಕಿ ಒಳಗೆ ಬಂದೆ.