ದಕ್ಷಿಣದ ಗೇಟು

ಹೈವುಡ್ ನದಿಯ ದಂಡೆ, ಆಲ್ಬರ್ಟಾ
೧೬ ಮೇ ೧೯೦೭

ಪ್ರೀತಿಯ ಮಿಲ್ಲಿ,

ನಿನ್ನ ಮೂರು ಕಾಗದಗಳೂ ಕೈಸೇರಿವೆ. ಒಂದಕ್ಕೂ ಉತ್ತರ ಬರಲಿಲ್ಲವೆಂದು ನೀನು ಮುನಿಸಿಕೊಂಡಿದ್ದರೆ ಅದು ನ್ಯಾಯವೇ. ಫೆಬ್ರವರಿಯಲ್ಲಿ ಶಾಯಿ ಹೆಪ್ಪುಗಟ್ಟಿತ್ತು ಎನ್ನಬಹುದು, ಮಾರ್ಚಿನಲ್ಲಿ ಅಂಚೆಯ ದಾರಿ ಮುಚ್ಚಿತ್ತು ಎನ್ನಬಹುದು. ಎರಡೂ ನಿಜ. ಆದರೆ ಏಪ್ರಿಲ್ ಪೂರ್ತಿ ಶಾಯಿಯೂ ಇತ್ತು, ದಾರಿಯೂ ಇತ್ತು. ನಾಲ್ಕು ಸಲ ಬರೆದು ನಾಲ್ಕು ಸಲವೂ ಒಲೆಗೆ ಹಾಕಿದೆ.

ನಿನ್ನ ಭಾವ ಆಂಬ್ರೋಸನ ಕೆಮ್ಮು ಇಳಿದಿದೆ. ಈಗ ಲಾಯದವರೆಗೆ ನಡೆದು ಬರುತ್ತಾನೆ. ನೀನು ಕಳಿಸಿದ ಬಟಾಣಿ ಹೂವಿನ ಬೀಜವನ್ನು ಇನ್ನೂ ಹಾಕಿಲ್ಲ. ದಕ್ಷಿಣದ ಕಡೆ ಅಂಗಳಕ್ಕೆ ಇಳಿಯಲಾಗುವುದಿಲ್ಲ, ಆ ಕಡೆಯ ಕಿಟಕಿಗಳನ್ನೂ ತೆರೆಯುತ್ತಿಲ್ಲ. ಮಂಜು ಕರಗಿದ ಮೇಲೆ ಬೇಲಿಯುದ್ದಕ್ಕೂ ನಮ್ಮ ದನಗಳು ಸತ್ತು ಬಿದ್ದಿರುವುದು ಕಾಣುತ್ತದೆ. ಗಾಳಿ ತಿರುಗಿದರೆ ಬ್ರೆಡ್ಡಿನಲ್ಲೂ ಆ ವಾಸನೆ.

ಕಳೆದ ಕಾಗದದಲ್ಲಿ ನೀನು, "ಆ ಆಳಿನ ಕೈ ಸೇದಿಹೋಗಲಿ" ಎಂದು ಬರೆದಿದ್ದೀಯೆ. ನಿನ್ನ ತಪ್ಪಲ್ಲ. ಓರಿನ್ ಪೈಕ್ ಎಂಬ ಸವಾರನ ಅಜಾಗರೂಕತೆಯಿಂದ ನಾವು ಮುಳುಗಿದೆವೆಂದು ಆಂಬ್ರೋಸ್ ನಿನ್ನ ಗಂಡನಿಗೆ ತಿಳಿಸಿದ್ದಾನೆ. ಆ ಮಾತಿಗೆ ಉತ್ತರ ಕೊಡದೆ ಬೇರೇನು ಬರೆದರೂ ಸುಳ್ಳೇ ಆಗುತ್ತದೆ. ಅದು ಓರಿನ್‌ನ ಕೈಯಲ್ಲ, ಮಿಲ್ಲಿ. ಗೇಟು ಮುಚ್ಚಿದವಳು ನಾನು.

ಅಪ್ಪನ ಗಾಡಿಯ ಹಿಂದೆ ನಾವಿಬ್ಬರು ಕೂತು ಹೋಗುತ್ತಿದ್ದುದು ನೆನಪಿದೆಯಲ್ಲ? ಗೇಟು ಬಂದಲ್ಲೆಲ್ಲ ಒಬ್ಬಳು ಧುಮುಕಿ, ಮುಚ್ಚಿ, ಓಡಿಬಂದು ಹತ್ತಬೇಕು. "ಗೇಟ್ ತೆಗೆದಿಟ್ಟು ಹೋಗೋನು ಕಳ್ಳನಿಗಿಂತ ಕಡೆ" ಎನ್ನುತ್ತಿದ್ದರು ಅಪ್ಪ. ಒಮ್ಮೆ ಮರೆತಿದ್ದಕ್ಕೆ ನೀನು ಉಪವಾಸ ಮಲಗಿದ್ದೆ. ಈ ಸೀಮೆಯಲ್ಲಿ ಚಳಿಗಾಲದ ನಿಯಮ ತಲೆಕೆಳಗು. ಓರಿನ್ ನನಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದ.

"ಅಮ್ಮಾವ್ರೇ, ಹಿಮಗಾಳಿ ಎದ್ರೆ ದನ ಅದಕ್ಕೆ ಬೆನ್ ಕೊಟ್ಟು ನಡೀತಾನೇ ಇರ್ತವೆ. ಬೇಲಿ ಅಡ್ಡ ಸಿಕ್ರೆ ನಿಂತ್ಬಿಡ್ತವೆ. ನಿಂತ್ರೆ ಸತ್ವು. ಗೇಟ್ ತೆಗ್ದಿಟ್ರೆ ಹಳ್ಳಕ್ಕಿಳಿದು ಬದುಕ್ಕೋತವೆ."

"ಪಕ್ಕದವರ ಹುಲ್ಲಿಗೆ ನುಗ್ಗಿದ್ರೆ?"

"ನುಗ್ಲಿ ಬಿಡಿ! ಬೇಸಿಗೇಲಿ ಎಲ್ರೂ ಸೇರಿ ಮೈಮೇಲಿನ ಮುದ್ರೆ ನೋಡಿ ಬೇರೆ ಮಾಡ್ಕೋತೀವಿ. ನಿಮ್ ದೇಶದಲ್ಲಿ ಚಳಿ ಬಂದ್ರೆ ದನಕ್ಕೂ ಟೀ ಕಾಯಿಸ್ತಾರೇನೋ."

ನಾನು ನಕ್ಕಿದ್ದೆ. ಹತ್ತು ಚಳಿಗಾಲ ಆ ನಿಯಮದಂತೆಯೇ ನಡೆದೆವು. ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಜನವರಿಯ ಆ ದಿನ ಆಂಬ್ರೋಸ್ ಜ್ವರದಿಂದ ಮಲಗಿದ್ದ. ದಕ್ಷಿಣದ ಗೇಟು ತೆಗೆಯಲು ಹಾಸಿಗೆಯಿಂದಲೇ ಓರಿನ್‌ಗೆ ಹೇಳಿದ. ಅವನು ತೆಗೆದಿಟ್ಟು, ಚದುರಿದ್ದ ದನಗಳನ್ನು ಒಟ್ಟುಮಾಡಲು ಉತ್ತರದ ಗುಡ್ಡಕ್ಕೆ ಹೋದ. ಆಂಬ್ರೋಸನ ಎದೆಗೆ ಪಟ್ಟು ಹಾಕಲು ಸಾಸಿವೆ ಬೇಕಾಗಿ ನಾನು ನೆರೆಯ ಗಿಲ್‌ಕ್ರಿಸ್ಟರ ಮನೆಗೆ ಜಾರುಬಂಡಿಯಲ್ಲಿ ಹೋಗಿದ್ದೆ. ಮಧ್ಯಾಹ್ನ ಮರಳುವಾಗ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಬೆರಳು ಮರಗಟ್ಟಿದ್ದವು, ತಲೆಯ ತುಂಬ ಆಂಬ್ರೋಸನ ಉಸಿರಿನ ಸದ್ದು. ದಕ್ಷಿಣದ ಗೇಟಿನಿಂದ ಬಂಡಿ ಒಳಗೆ ಬಂದ ಮೇಲೆ ಇಳಿದೆ, ಗೇಟು ಎಳೆದೆ, ಕೊಂಡಿ ಹಾಕಿದೆ, ಭದ್ರವಾಗಿದೆಯೇ ಎಂದು ಒಮ್ಮೆ ಜಗ್ಗಿಯೂ ನೋಡಿದೆ. ಹಾಗೆ ಮಾಡಿದ್ದು ಮನಸ್ಸಿಗೇ ತಾಗಲಿಲ್ಲ. ಗಿಡ್ಡ ಬಾಗಿಲು ದಾಟುವಾಗ ತಲೆ ತಗ್ಗಿಸಿದ್ದು ಯಾರಿಗೆ ನೆನಪಿರುತ್ತದೆ?

ನೆನಪಾದದ್ದು ಬಿರುಗಾಳಿಯ ಎರಡನೆಯ ದಿನ, ಗಂಜಿ ಕಲಕುತ್ತಿದ್ದಾಗ. ಆಗ ಮನೆಯಿಂದ ಲಾಯಕ್ಕೆ ಹಗ್ಗ ಹಿಡಿದೇ ಹೋಗಬೇಕಿತ್ತು, ಗೇಟಿನವರೆಗೆ ಯಾರೂ ತಲುಪುವಂತಿರಲಿಲ್ಲ. ಅಂದಮೇಲೆ ಹೇಳಿ ಪ್ರಯೋಜನವೇನು ಎಂದುಕೊಂಡೆ. ಈಗ ಅನ್ನಿಸುತ್ತದೆ, ಹೇಡಿತನ ಮೊದಲ ಸಲ ಬಂದದ್ದು ಆ ವಿವೇಕದ ವೇಷದಲ್ಲೇ.

ನಾಲ್ಕನೆಯ ದಿನ ಗಾಳಿ ನಿಂತಿತು. ಮುಂದಿನ ಸಾಲಿನ ದನಗಳು ನಿಂತಲ್ಲೇ ಸತ್ತಿದ್ದವು, ಮೂಗಿಗೆ ಮಂಜು ಮೆತ್ತಿಕೊಂಡು. ಹಿಂದಿನವು ಅವುಗಳ ಮೇಲೆ ಹತ್ತಿದ್ದವು. ಓರಿನ್ ನೋಡಿಬಂದು ಅಡುಗೆಮನೆಯಲ್ಲಿ ಟೋಪಿ ಹಿಡಿದು ನಿಂತ. ಆಂಬ್ರೋಸ್ ಕಂಬಳಿ ಹೊದ್ದು ಕೂತಿದ್ದ.

"ದಕ್ಷಿಣದ ಗೇಟ್ ತೆಗಿ ಅಂದಿದ್ನಲ್ಲ, ಓರಿನ್?"

"ತೆಗ್ದಿದ್ದೆ, ಯಜಮಾನ್ರೇ."

"ತೆಗ್ದಿದ್ದು ಹೆಂಗಪ್ಪಾ ಮುಚ್ಕೊಳ್ತು? ಗಾಳಿ ಬಂದು ಕೊಂಡಿ ಹಾಕ್ತಾ?"

"ನಾನ್ ತೆಗ್ದಿದ್ದೆ. ನಂಗೆ ಗೊತ್ತಿರೋದು ಅಷ್ಟೇ."

ನಾನು ಸಾರು ಬಡಿಸುತ್ತಿದ್ದೆ. ಮೂರು ಬಟ್ಟಲು ತುಂಬಿದೆ. ಒಂದು ಮಾತು, ಮಿಲ್ಲಿ, ಒಂದೇ ಒಂದು ಮಾತು ಸಾಕಿತ್ತು. ಓರಿನ್ ತನ್ನ ಬಟ್ಟಲನ್ನು ಮುಟ್ಟದೆ ಜೀನು ಹೆಗಲಿಗೇರಿಸಿ ಹೊರಟ.

ಮೊನ್ನೆ ಶ್ರೀಮತಿ ಗಿಲ್‌ಕ್ರಿಸ್ಟ್ ಬಂದಿದ್ದರು. "ಕೇಳಿದ್ರೇನ್ರೀ? ಅವನಿಗೆ ಕೊಂಡಿ ಪೈಕ್ ಅಂತ ಹೆಸರಿಟ್ಟಿದಾರೆ! ಕ್ಯಾಲ್ಗರೀಲಿ ಯಾರದೋ ಲಾಯದಲ್ಲಿ ಲದ್ದಿ ಬಾಚ್ತಾನಂತೆ. ಕೋಳಿಗೂಡು ಕಾಯೋಕೂ ಅವನನ್ನ ಇಟ್ಕೊಳ್ಳಲ್ಲ ಅಂತಾರೆ ನಮ್ಮನೆಯವ್ರು" ಎಂದು ನಕ್ಕರು. ನಾನು ಇನ್ನೊಂದು ಬಿಸ್ಕತ್ತು ತೆಗೆದುಕೊಳ್ಳಿ ಎಂದೆ. ಹುಟ್ಟಿದಾಗಿನಿಂದ ಕುದುರೆಯ ಮೇಲೇ ಬದುಕಿದವನು ಅವನು.

ಜೂನ್ ಮೊದಲ ವಾರ ದನ ಸಾಕುವ ಸುತ್ತಲಿನ ಎಲ್ಲ ರಾಂಚುಗಳೂ ಸೇರಿ ಉಳಿದ ದನಗಳನ್ನು ಹುಡುಕಲು ಹೊರಡುತ್ತವೆ. ಅಷ್ಟರೊಳಗೆ ಸವಾರರನ್ನು ಆರಿಸುತ್ತಾರೆ. ಈ ಸಲ ಓರಿನ್‌ನ ಹೆಸರು ಬಿಟ್ಟುಹೋದರೆ ಮತ್ತೆ ಯಾರೂ ಕರೆಯುವುದಿಲ್ಲ. ಆದ್ದರಿಂದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ನಿಂತು ಹೇಳುತ್ತೇನೆ. ಅದಕ್ಕೂ ಮೊದಲು ಆಂಬ್ರೋಸನಿಗೆ ಹೇಳಬೇಕು. ಈ ಕಾಗದ ಮುಚ್ಚಿಟ್ಟು ಅವನ ಬಳಿ ಹೋಗುತ್ತೇನೆ. ಅವನು ನನ್ನ ಮುಖ ನೋಡದಿದ್ದರೆ ಅದನ್ನೂ ತಡೆದುಕೊಳ್ಳಬೇಕು.

ನಿನ್ನ ಮಗಳ ಮದುವೆಗೆ ಬರಲಾಗುವುದಿಲ್ಲ. ಅವಳ ಹಣೆಗೆ ನನ್ನ ಪರವಾಗಿ ಮುತ್ತಿಡು. ಅವಳ ಮನೆಯಲ್ಲಿ ಒಲೆ ಆರದಿರಲಿ, ಮಾತಿಗೆ ಬರ ಬಾರದಿರಲಿ. ದೇವರು ನಿಮ್ಮೆಲ್ಲರನ್ನೂ ಬೆಚ್ಚಗಿಡಲಿ.

ನಿನ್ನ ಅಕ್ಕ,
ಹೆಸ್ಟರ್

ಮರೆತ ಮಾತಲ್ಲ, ಆಮೇಲೆ ಆದದ್ದು: ಅಂಟಿಸಿದ ಲಕೋಟೆಯನ್ನು ಒಡೆದು ಬರೆಯುತ್ತಿದ್ದೇನೆ. ಆಂಬ್ರೋಸನಿಗೆ ಹೇಳಿದೆ. ಅವನು ಜೀನಿನ ಪಟ್ಟಿ ಹೊಲಿಯುತ್ತ ಕೂತಿದ್ದ. ತಲೆಯೆತ್ತಲಿಲ್ಲ.

"ಗೊತ್ತು" ಎಂದ.

"ಯಾವಾಗಿಂದ?"

"ಆವತ್ತಿಂದ್ಲೇ. ಈ ಸೀಮೇಲಿ ಚಳಿಗಾಲಕ್ಕೂ ಗೇಟ್ ಮುಚ್ಚೋ ದೇಶದಿಂದ ಬಂದ ಜನ ನಾವಿಬ್ರೇ, ಹೆಸ್ಟರ್. ನಾನು ಹಾಸಿಗೇಲಿದ್ದೆ."

"ಹಾಗಾದ್ರೆ ಅವನನ್ನ ಯಾಕೆ ಕೇಳಿದ್ದು?"

"ನೀನು ಬಾಯಿಬಿಡ್ತೀಯ ಅಂತ ಕಾದೆ. ಬಿಡ್ಲಿಲ್ಲ. ಸರಿ, ತಪ್ಪು ಅವನ ಮೇಲೇ ಇರ್ಲಿ ಅಂತ ಇಬ್ರೂ ಒಪ್ಕೊಂಡ್ವಿ ಅಂದ್ಕೊಂಡೆ."

ಅವನ ಸಿಟ್ಟಿಗೆ ಸಿದ್ಧಳಾಗಿ ಹೋಗಿದ್ದೆ, ಇದಕ್ಕಲ್ಲ. ನಾಚಿಕೆಯಿಂದ ಬರೆಯುತ್ತಿದ್ದೇನೆ, ಮೊದಲು ಬಂದದ್ದು ಸಮಾಧಾನ. ಭಾನುವಾರ ನನ್ನ ಜೊತೆ ಬರುವೆಯಾ ಎಂದು ಕೇಳಿದೆ. "ನೀನು ಹೋಗ್ಬಾ" ಎಂದ. ಹಿಂದೊಮ್ಮೆ ಹಿಮ ಕಚ್ಚಿದ ಅವನ ಬೆರಳಿಗೆ ದಾರ ಪೋಣಿಸಲು ಬರುವುದಿಲ್ಲ. ಸೂಜಿಯನ್ನು ನನ್ನ ಕಡೆ ಚಾಚಿದ. ನಾನು ಪೋಣಿಸಿ ಕೊಟ್ಟೆ.